ಚರ್ಚಿನ ಹಿಂದಿನ ಗುಂಡಿ: ಮಾತಾಡಬೇಕೇ, ಸುಮ್ಮನಿರಬೇಕೇ?

ಓದುಗರ ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದ ಒಂದು ಚರ್ಚ್. ಕಾಂಪೌಂಡಿನೊಳಗೇ ಹುಡುಗರ ಹಾಸ್ಟೆಲ್ ಇದೆ. ಹೋದ ತಿಂಗಳು ಅದರ ಸೆಪ್ಟಿಕ್ ಟ್ಯಾಂಕ್ ತುಂಬಿ ಹರಿದಾಗ ಇಬ್ಬರನ್ನು ಒಳಗಿಳಿಸಿ ಬಕೆಟ್‌ನಲ್ಲಿ ಎತ್ತಿಸಿದರು. ಅವರಲ್ಲಿ ಒಬ್ಬರು ನಮ್ಮ ಸಭೆಯವರೇ. ಕಮಿಟಿ ಸದಸ್ಯೆಯಾಗಿ ನಾನು ಪ್ರಶ್ನಿಸಿದ್ದಕ್ಕೆ, "ಅವರಾಗಿಯೇ ಒಪ್ಪಿ ಬಂದರು, ಕೂಲಿ ಕೊಟ್ಟಿದ್ದೇವೆ, ಚರ್ಚಿಗೆ ರಾಜಕೀಯ ತರಬೇಡಿಯಮ್ಮ" ಎಂದರು. ಹಿರಿಯರೊಬ್ಬರು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಓದಿ, ಅಧಿಕಾರದಲ್ಲಿರುವವರಿಗೆ ಒಳಪಟ್ಟಿರಬೇಕು ಎಂದು ಮಾತು ಮುಗಿಸಿದರು. ನಾನು ಮಾತಾಡಿದ್ದು ತಪ್ಪೇ? ಇನ್ನು ಮುಂದೆ ಏನು ಮಾಡಲಿ?

ಉತ್ತರ: ತಪ್ಪಲ್ಲ. ಆದರೆ ಮುಂದಿನ ಹೆಜ್ಜೆಗೆ ನಿಮ್ಮ ಕೈಯಲ್ಲಿ ಸಮಯ ಕಡಿಮೆ ಇದೆ, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಸುರಕ್ಷಾ ಸಲಕರಣೆ, ಮುನ್ನೆಚ್ಚರಿಕೆ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು 2013ರ ಮಲ ಬಾಚುವ ಪದ್ಧತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆಯ ಅಡಿ ಅಪರಾಧ. ಈ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಘಟನೆ ನಡೆದ ದಿನದಿಂದ ಮೂರು ತಿಂಗಳೊಳಗೆ ದೂರು ಸಲ್ಲಿಕೆಯಾಗಬೇಕು. ಒಂದು ತಿಂಗಳು ಆಗಲೇ ಕಳೆದಿದೆ. ನೀವು ಕೊನೆಗೆ ದೂರು ಕೊಡುತ್ತೀರೋ ಇಲ್ಲವೋ, ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ದಿನ, ಎಷ್ಟು ಗಂಟೆಗೆ, ಯಾವ ಟ್ಯಾಂಕ್, ಯಾರು ಹೇಳಿ ಕರೆಸಿದರು, ಯಾರು ಎಷ್ಟು ದುಡ್ಡು ಕೊಟ್ಟರು, ಮೈಮೇಲೆ ಏನಿತ್ತು ಏನಿರಲಿಲ್ಲ, ಅಲ್ಲಿ ಯಾರ್ಯಾರು ನಿಂತಿದ್ದರು. ಕೇಳಿದ್ದನ್ನು ಬೇರೆ, ಕಣ್ಣಾರೆ ಕಂಡದ್ದನ್ನು ಬೇರೆ ಬರೆಯಿರಿ. ಒಬ್ಬನ ಸಾಕ್ಷಿಯ ಮೇಲೆ ತೀರ್ಮಾನ ಮಾಡಬಾರದು, ಇಬ್ಬರು ಮೂವರು ಬೇಕು ಎನ್ನುವುದು ಧರ್ಮೋಪದೇಶಕಾಂಡ 19:15ರ ಮಾತು. ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಯೂ ಹತ್ತರಲ್ಲಿ ಒಂದು. ನ್ಯಾಯದ ಪರ ಮಾತಾಡುವವರು ಒಂದು ವಿವರ ತಪ್ಪಿದರೂ ಸಾಕು, ಎದುರಿನವರು ಆ ಒಂದನ್ನೇ ಹಿಡಿದು ಇಡೀ ವಿಷಯವನ್ನು ಮುಚ್ಚಿಹಾಕುತ್ತಾರೆ.

ಇನ್ನು ವಾಕ್ಯದ ವಿಷಯ. "ನ್ಯಾಯವು ನೀರಿನಂತೆ ಹರಿಯಲಿ" ಎಂಬರ್ಥದ ಆಮೋಸ 5:24ನ್ನು ಇಂಥ ಹೊತ್ತಿನಲ್ಲಿ ಎಲ್ಲರೂ ಎತ್ತಿ ಹೇಳುತ್ತಾರೆ. ಆ ವಚನ ದೊಡ್ಡದು, ನಿಜ. ಆದರೆ ನಿಮ್ಮ ಕಮಿಟಿಯ ಮುಂದೆ ಇಡಬೇಕಾದ ವಾಕ್ಯಗಳು ಇನ್ನೂ ಸಣ್ಣವು, ಇನ್ನೂ ನೇರವಾದವು. ವಿಮೋಚನಕಾಂಡ 21:33-34 ತೆರೆದು ನೋಡಿ. ಒಬ್ಬನು ಗುಂಡಿ ತೋಡಿ ಮುಚ್ಚದೆ ಬಿಟ್ಟು, ಅದರಲ್ಲಿ ಎತ್ತೋ ಕತ್ತೆಯೋ ಬಿದ್ದು ಸತ್ತರೆ ಗುಂಡಿಯ ಯಜಮಾನನೇ ಬೆಲೆ ತೆರಬೇಕು. ಎತ್ತು ತಾನಾಗಿಯೇ ನಡೆದುಬಂದು ಬಿತ್ತು ಎಂಬ ವಾದಕ್ಕೆ ಅಲ್ಲಿ ಜಾಗವೇ ಇಲ್ಲ. ಧರ್ಮೋಪದೇಶಕಾಂಡ 22:8 ಇನ್ನೊಂದು: ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತಲೂ ಕೈಗೋಡೆ ಕಟ್ಟಿಸು, ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ನಿನ್ನ ಮನೆಯ ಮೇಲೆ ಬರುತ್ತದೆ. ಕಟ್ಟಡದ ಸುರಕ್ಷತೆಯನ್ನು ದೇವರ ಆಜ್ಞೆಯಾಗಿಯೇ ಬರೆದಿಟ್ಟ ವಚನ ಇದು. ಕೆಲಸಗಾರ ಒಪ್ಪಿ ಬಂದ ಎಂಬುದರಿಂದ ಯಜಮಾನನ ಹೊಣೆ ಇಳಿಯುವುದಿಲ್ಲ. ಮನೆಯಲ್ಲಿ ಅಕ್ಕಿ ಇಲ್ಲದವನ ಒಪ್ಪಿಗೆಯನ್ನು ಒಪ್ಪಿಗೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ರೋಮಾಪುರದವರಿಗೆ 13ನ್ನು ಓದಿದ ಹಿರಿಯರಿಗೆ ಗೌರವದಿಂದಲೇ ಒಂದು ಮಾತು ಹೇಳಿ. ಆ ಅಧ್ಯಾಯದ ಪ್ರಕಾರ ಅಧಿಕಾರಿ ದೇವರ ಸೇವಕ, ನಿನ್ನ ಹಿತಕ್ಕಾಗಿ ಇರುವವನು. ಹಾಗಿದ್ದ ಮೇಲೆ, ಸಂಸತ್ತು ಮಾಡಿದ ಕಾನೂನನ್ನು ಮುರಿದದ್ದು ಯಾರು? ಪ್ರಶ್ನೆ ಕೇಳಿದ ನೀವಲ್ಲ, ಟ್ಯಾಂಕಿಗೆ ಜನ ಇಳಿಸಿದ ಕಮಿಟಿ. ಆ ಪತ್ರ ಬರೆದ ಪೌಲನೇ ಅಧಿಕಾರಿಗಳ ಮುಂದೆ ಬಾಯಿ ಮುಚ್ಚಿಕೊಂಡಿದ್ದವನಲ್ಲ. ಅಪೊಸ್ತಲರ ಕೃತ್ಯಗಳು 16ರಲ್ಲಿ ಫಿಲಿಪ್ಪಿಯ ಅಧಿಕಾರಿಗಳು ವಿಚಾರಣೆಯಿಲ್ಲದೆ ಹೊಡೆಸಿ ಜೈಲಿಗೆ ಹಾಕಿ, ಬೆಳಗಾದ ಮೇಲೆ ಸದ್ದಿಲ್ಲದೆ ಬಿಟ್ಟುಕಳಿಸಲು ನೋಡುತ್ತಾರೆ. ಪೌಲ ಹೊರಡಲು ಒಪ್ಪುವುದಿಲ್ಲ. ನಾವು ರೋಮಿನ ಹಕ್ಕುದಾರರು, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎನ್ನುತ್ತಾನೆ, ಅವರು ಬರುತ್ತಾರೆ. ಯೆರೂಸಲೇಮಿನಲ್ಲಿ ಕೊರಡೆ ಎತ್ತಿದಾಗಲೂ ತನ್ನ ಪೌರತ್ವದ ಮಾತೆತ್ತುತ್ತಾನೆ, ಕೈಸರೈಯದಲ್ಲಿ ಚಕ್ರವರ್ತಿಗೇ ಮೇಲ್ಮನವಿ ಸಲ್ಲಿಸುತ್ತಾನೆ. ಕಾನೂನಿನ ಬಾಗಿಲು ತಟ್ಟುವುದು ನಂಬಿಕೆಗೆ ವಿರುದ್ಧ ಎನ್ನುವವರು ಪೌಲನನ್ನೂ ತಪ್ಪುಗಾರನ ಸಾಲಿಗೆ ಸೇರಿಸಬೇಕಾಗುತ್ತದೆ.

"ಚರ್ಚಿಗೆ ರಾಜಕೀಯ ತರಬೇಡಿ" ಎಂಬ ಮಾತಿಗೂ ಸತ್ಯವೇದದಲ್ಲಿ ಹಳೆಯ ಬೇರಿದೆ. ತೆಕೋವದ ಕುರುಬ, ಅತ್ತಿಮರಗಳ ಕೆಲಸ ಮಾಡುತ್ತಿದ್ದ ಆಮೋಸ ಬೇತೇಲಿಗೆ ಬಂದು ಬಡವರನ್ನು ತುಳಿಯುವವರ ವಿರುದ್ಧ ಮಾತಾಡಿದಾಗ ಅಲ್ಲಿನ ಯಾಜಕ ಅಮಚ್ಯ ಅವನನ್ನು ಓಡಿಸಲು ನೋಡುತ್ತಾನೆ: ಇದು ಅರಸನ ಪವಿತ್ರಸ್ಥಾನ, ಇಲ್ಲಿ ಪ್ರವಾದಿಸಬೇಡ, ನಿನ್ನ ಊರಿಗೆ ಹೋಗು (ಆಮೋಸ 7:10-13). ಆಮೋಸ ಹೇಳಿದ್ದು ಸುಳ್ಳು ಎಂದು ಅಮಚ್ಯ ವಾದಿಸಲಿಲ್ಲ. ಇಲ್ಲಿ ಬೇಡ ಎಂದ, ಅಷ್ಟೆ.

ಆದರೂ ರಾಜಕೀಯದ ಭಯ ಪೂರ್ತಿ ಹುರುಳಿಲ್ಲದ್ದಲ್ಲ, ಗೆರೆ ಎಲ್ಲಿದೆ ಎಂದು ತಿಳಿದಿರಬೇಕು. ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆಯುವ 1988ರ ಕಾಯ್ದೆ ಚರ್ಚು, ದೇವಸ್ಥಾನ, ಮಸೀದಿಗಳ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದು ಎನ್ನುತ್ತದೆ. ಆದ್ದರಿಂದ ವೇದಿಕೆಯಿಂದ ಪಕ್ಷದ ಹೆಸರು ಬೇಡ, ಅಭ್ಯರ್ಥಿಯ ಹೆಸರು ಬೇಡ, ಚುನಾವಣೆಯ ಹೊತ್ತಿನಲ್ಲಂತೂ ಎರಡು ಪಟ್ಟು ಎಚ್ಚರ ಬೇಕು. ಸ್ವಂತ ಆವರಣದಲ್ಲಿ ಕಾನೂನು ಪಾಲಿಸುತ್ತೇವೆ ಎಂದು ಸಭೆ ನಿರ್ಣಯ ಮಾಡುವುದು ಆ ಗೆರೆಯ ಹತ್ತಿರಕ್ಕೂ ಹೋಗುವುದಿಲ್ಲ.

ಈಗ ಟ್ಯಾಂಕಿನ ಮಾತಿಗೆ ಬರೋಣ. ಕಮಿಟಿಯಲ್ಲಿ ನೀವು ಗೆಲ್ಲಬೇಕಾದ ವಾದ ನಿಂತಿರುವುದು ಇದರ ಮೇಲೆ. ಮುಚ್ಚಳ ಸರಿಸಿದಾಗ ಮೇಲೆ ಕಾಣುವುದು ಕಂದುಬಣ್ಣದ, ಒಣಗಿದ ಕೆನೆಯಂಥ ಪದರ. ಅದರ ಕೆಳಗೆ ನೀರು, ತಳದಲ್ಲಿ ಕೆಸರು. ಮೇಲಿನಿಂದ ನೋಡಿದರೆ ಎಲ್ಲ ತಣ್ಣಗಿರುತ್ತದೆ. ಸಲಿಕೆಯಿಂದ ತಳ ಕದಡಿದ ಕ್ಷಣ ಕೆಸರಿನಲ್ಲಿ ಸಿಕ್ಕಿಕೊಂಡಿದ್ದ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಮೇಲೇಳುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಇದು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇದು 100 ಭಾಗದಷ್ಟಾದರೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ತಿಳಿಯುವುದಿಲ್ಲ. "ಈಗ ವಾಸನೆ ಇಲ್ಲ, ಇಳಿಯಬಹುದು" ಎಂದವರು ಸತ್ತಿರುವುದು ಹೀಗೆ. 500 ದಾಟಿದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಇನ್ನೂ ಹೆಚ್ಚಾದರೆ ಒಂದೆರಡು ಉಸಿರು ಸಾಕು. ಗಾಳಿಗಿಂತ ಭಾರವಾದ್ದರಿಂದ ಮುಚ್ಚಳ ಗಂಟೆಗಟ್ಟಲೆ ತೆರೆದಿಟ್ಟರೂ ಅದು ತಳದಲ್ಲೇ ಕೂತಿರುತ್ತದೆ. ಜೊತೆಗೆ ಆಮ್ಲಜನಕದ ಕೊರತೆ: ಹೊರಗಿನ ಗಾಳಿಯಲ್ಲಿ ಸುಮಾರು 20.9 ಶೇಕಡಾ ಇರುತ್ತದೆ, 19.5ಕ್ಕಿಂತ ಕೆಳಗಿಳಿದರೆ ಅಪಾಯ. ಕೆಲವರು ದೀಪವನ್ನೋ ಉರಿಯುವ ಕಾಗದವನ್ನೋ ಇಳಿಸಿ ಪರೀಕ್ಷೆ ಮಾಡುತ್ತಾರೆ. ಅದನ್ನಂತೂ ಮಾಡಲೇಬೇಡಿ, ಒಳಗಿರುವ ಮೀಥೇನ್ ಹೊತ್ತಿಕೊಳ್ಳುತ್ತದೆ. ಬಾಯಿಗೆ ಕಟ್ಟಿದ ಬಟ್ಟೆ, ಕೋವಿಡ್ ಕಾಲದ ಮಾಸ್ಕ್ ಯಾವುದೂ ಅನಿಲವನ್ನು ತಡೆಯುವುದಿಲ್ಲ.

ಇಂಥ ಸಾವುಗಳಲ್ಲಿ ಮತ್ತೆ ಮತ್ತೆ ಕಾಣುವುದು ಎರಡನೆಯ ಸಾವು. ಒಳಗೆ ಬಿದ್ದವನನ್ನು ಎತ್ತಲು ತಮ್ಮನೋ ಜೊತೆಗಾರನೋ ಹಿಂದುಮುಂದು ನೋಡದೆ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಎಂದಾದರೂ ಅಂಥದ್ದು ಕಣ್ಣೆದುರು ನಡೆದರೆ ಯಾರನ್ನೂ ಇಳಿಯಗೊಡಬೇಡಿ. 112ಕ್ಕೆ ಕರೆ ಮಾಡಿ, ಅಗ್ನಿಶಾಮಕ ದಳದವರು ಉಸಿರಾಟದ ಸಿಲಿಂಡರ್ ತರುತ್ತಾರೆ. ಹಗ್ಗ ಎಸೆಯಬಹುದು, ಬ್ಲೋವರ್ ಇದ್ದರೆ ಹೊರಗಿನ ಗಾಳಿಯನ್ನು ಒಳಕ್ಕೆ ಊದಬಹುದು.

ಹಾಗಾದರೆ ಸರಿಯಾದ ದಾರಿ ಯಾವುದು? ಪೈಪಿನಿಂದ ಕೆಸರನ್ನು ಎಳೆದುಕೊಳ್ಳುವ ಸಕ್ಕಿಂಗ್ ಗಾಡಿ. ನಿಮ್ಮ ಪುರಸಭೆಯಲ್ಲೇ ಇರಬಹುದು, ಇಲ್ಲದಿದ್ದರೆ 14420 ಸಹಾಯವಾಣಿಗೆ ಕೇಳಬಹುದು. ಕಮಿಟಿಗೆ ಲೆಕ್ಕ ಸಿದ್ಧಮಾಡಿಕೊಂಡು ಹೋಗಿ, ಬರೀ ನೀತಿ ಹೇಳಿದರೆ ಖಜಾಂಚಿಯವರು ಕೇಳುವುದಿಲ್ಲ. ಟ್ಯಾಂಕ್ 10 ಅಡಿ ಉದ್ದ, 5 ಅಡಿ ಅಗಲ, ನೀರು ನಿಲ್ಲುವ ಆಳ 5 ಅಡಿ ಎಂದುಕೊಳ್ಳಿ. 250 ಘನ ಅಡಿ ಆಯಿತು, ಘನ ಅಡಿಗೆ 28.3 ಲೀಟರಿನಂತೆ ಸುಮಾರು 7,000 ಲೀಟರ್. 4,000 ಲೀಟರಿನ ಗಾಡಿಯಾದರೆ ಎರಡು ಟ್ರಿಪ್. ಗೇಟಿನಿಂದ ಟ್ಯಾಂಕಿಗೆ ಎಷ್ಟು ಅಡಿ ಪೈಪ್ ಬೇಕು ಎಂದು ಟೇಪ್ ಹಿಡಿದು ಅಳೆಯಿರಿ. "ಗಾಡಿ ಬರಲ್ಲ" ಎಂಬ ನೆಪಗಳಲ್ಲಿ ಅರ್ಧ ಅಲ್ಲೇ ಮುಗಿಯುತ್ತವೆ.

ಯಂತ್ರ ಬಂದರೂ ಕೊನೆಗೆ ಮನುಷ್ಯರನ್ನು ಇಳಿಸುವುದು ಏಕೆ ಎಂಬುದೂ ಗೊತ್ತಿರಲಿ. ಹತ್ತು ವರ್ಷ ಖಾಲಿ ಮಾಡದ ಟ್ಯಾಂಕಿನ ತಳ ಗಟ್ಟಿಯಾಗಿ ಪೈಪು ಎಳೆಯುವುದಿಲ್ಲ. ಬಟ್ಟೆ, ಪ್ಯಾಡ್, ಪ್ಲಾಸ್ಟಿಕ್ ಸಿಕ್ಕಿ ಪೈಪ್ ಕಟ್ಟಿಕೊಳ್ಳುತ್ತದೆ. ಮುಚ್ಚಳವನ್ನು ಸಿಮೆಂಟ್ ಹಾಕಿ ಕೂಡಿಸಿರುತ್ತಾರೆ. ಎಲ್ಲಕ್ಕೂ ಪರಿಹಾರ ಇದೆ: ಒತ್ತಡದ ನೀರು ಬಿಟ್ಟು ಕೆಸರನ್ನು ಸಡಿಲಿಸಿ ಮತ್ತೆ ಎಳೆಯುವುದು, 2-3 ವರ್ಷಕ್ಕೊಮ್ಮೆ ತಪ್ಪದೆ ಖಾಲಿ ಮಾಡಿಸುವುದು, ಟ್ಯಾಂಕಿನ ಎರಡೂ ಭಾಗಕ್ಕೆ ಎತ್ತಲು ಬರುವ ಮುಚ್ಚಳ ಕೂರಿಸುವುದು, ಹಾಸ್ಟೆಲಿನ ಪ್ರತಿ ಶೌಚಾಲಯದಲ್ಲೂ ಮುಚ್ಚಳವಿರುವ ಕಸದ ಬುಟ್ಟಿ ಇಡುವುದು. ಗಾಡಿಯವರನ್ನು ಕರೆಸುವ ಮೊದಲೇ "ಯಾರೂ ಇಳಿಯುವಂತಿಲ್ಲ, ಪೂರ್ತಿ ಬರದಿದ್ದರೆ ಬಂದಷ್ಟೇ ಸಾಕು" ಎಂದು ಹೇಳಿಬಿಡಿ. ತಳದಲ್ಲಿ ಸ್ವಲ್ಪ ಕೆಸರು ಉಳಿದರೆ ಟ್ಯಾಂಕಿಗೇನೂ ನಷ್ಟವಿಲ್ಲ. ತೊಳೆದು ಫಳಫಳ ಮಾಡಿಸಬೇಕೆಂಬ ಆಸೆಯೇ ಎಷ್ಟೋ ಜೀವ ತೆಗೆದಿದೆ.

ಕಾನೂನಿನ ಹಲ್ಲು ಎಷ್ಟು ಗಟ್ಟಿ ಎಂಬುದೂ ಕಮಿಟಿಗೆ ತಿಳಿಯಲಿ. 2013ರ ಕಾಯ್ದೆಯ 7ನೇ ಸೆಕ್ಷನ್ ಯಾವುದೇ ವ್ಯಕ್ತಿ, ಸ್ಥಳೀಯ ಸಂಸ್ಥೆ ಅಥವಾ ಏಜೆನ್ಸಿ ನೇರವಾಗಿ ಆಗಲಿ, ಬೇರೆಯವರ ಮೂಲಕ ಆಗಲಿ ಹೀಗೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಆದ್ದರಿಂದ "ಮೇಸ್ತ್ರಿ ಕರೆಸಿದ್ದು, ನಮಗೆ ಗೊತ್ತಿಲ್ಲ" ಎಂದರೆ ನಡೆಯದು. ಮೊದಲ ಸಲಕ್ಕೆ 2 ವರ್ಷದವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷದವರೆಗೆ. ಜಾಮೀನುರಹಿತ ಅಪರಾಧ. ಶಿಕ್ಷೆ ಇರುವುದು ಇಳಿಸಿದವರಿಗೆ, ಇಳಿದವರಿಗಲ್ಲ. ಜೀವ ಹೋದರೆ ಕುಟುಂಬಕ್ಕೆ 10 ಲಕ್ಷ ಪರಿಹಾರ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

2014ರ ಆ ತೀರ್ಪಿನ ಹಿಂದೆ ನಮ್ಮ ನಾಡಿನ ಒಂದು ಕೊಂಡಿಯಿದೆ. ಅರ್ಜಿ ಹಾಕಿದ್ದು ಮಲ ಬಾಚುವ ಪದ್ಧತಿಯ ವಿರುದ್ಧ ಹೋರಾಡುವ ಸಂಘಟನೆ ಸಫಾಯಿ ಕರ್ಮಚಾರಿ ಆಂದೋಲನ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಬೆಜವಾಡ ವಿಲ್ಸನ್ 1966ರಲ್ಲಿ ಕೋಲಾರ ಚಿನ್ನದ ಗಣಿಯ ಊರಿನಲ್ಲಿ, ಅದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದವರು; 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದರು. ಒಣ ಶೌಚಾಲಯಗಳ ಲೆಕ್ಕ, ಫೋಟೊ, ಕೆಲಸಗಾರರದೇ ಹೇಳಿಕೆ, ಇವನ್ನೆಲ್ಲ ಜೋಡಿಸಿಕೊಂಡು ನಡೆದ ಹೋರಾಟ ಅದು. 2003ರಲ್ಲಿ ಕೋರ್ಟಿಗೆ ಹೋದ ಅರ್ಜಿಗೆ ತೀರ್ಪು ಬರಲು ಹನ್ನೊಂದು ವರ್ಷ ಹಿಡಿಯಿತು. ಅದಕ್ಕೂ ಮುಂಚೆ, 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕ ನಿಷೇಧಿಸಿತ್ತು. ತಲೆಯಿಂದ ಇಳಿದದ್ದು ಗುಂಡಿಯೊಳಗೆ ಉಳಿದುಕೊಂಡಿತು.

ಒಂದು ಸೂಕ್ಷ್ಮವನ್ನು ಗಮನಿಸಿ, ಇದು ಹಲವು ವಕೀಲರಿಗೂ ತಪ್ಪಿಹೋಗುತ್ತದೆ. ಪರಿಶಿಷ್ಟ ಜಾತಿಯವರನ್ನು ಈ ಕೆಲಸಕ್ಕೆ ಹಚ್ಚುವುದು ದೌರ್ಜನ್ಯ ತಡೆ ಕಾಯ್ದೆಯಡಿಯೂ ಅಪರಾಧ. ಆದರೆ 1950ರ ರಾಷ್ಟ್ರಪತಿ ಆದೇಶದಂತೆ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಆ ಸ್ಥಾನಮಾನ; ಕ್ರೈಸ್ತರಾದ ದಲಿತರಿಗೆ ಇಲ್ಲ. ನಿಮ್ಮ ಸಭೆಯ ಆ ಸಹೋದರರಿಗೆ ಆ ಕಾಯ್ದೆಯ ರಕ್ಷಣೆ ಸಿಗದೇ ಹೋಗಬಹುದು. ದೂರಿನಲ್ಲಿ ಅದೊಂದನ್ನೇ ನೆಚ್ಚಿದರೆ ಪ್ರಕರಣ ಬಿದ್ದುಹೋಗುತ್ತದೆ. 2013ರ ಕಾಯ್ದೆ ಜಾತಿ, ಧರ್ಮ ಯಾವುದನ್ನೂ ಕೇಳುವುದಿಲ್ಲ, ಕೆಲಸ ಯಾವುದು ಎಂದಷ್ಟೇ ಕೇಳುತ್ತದೆ. ಅದರಡಿಯೇ ಬರೆಯಿರಿ. ಜೊತೆಗೆ, ಸೆಪ್ಟಿಕ್ ಟ್ಯಾಂಕ್ ಕೆಲಸಗಾರರನ್ನು ಗುರುತಿಸಿ ಸುರಕ್ಷಾ ಕಿಟ್, ಆಯುಷ್ಮಾನ್ ಆರೋಗ್ಯ ವಿಮೆ, ಗಾಡಿ ಕೊಳ್ಳಲು ಸಹಾಯಧನ ಕೊಡುವ ಕೇಂದ್ರದ 'ನಮಸ್ತೆ' ಯೋಜನೆ ಇದೆ. ಅದರಲ್ಲಿ ಇಬ್ಬರ ಹೆಸರೂ ಸೇರಿಸಲು ಪುರಸಭೆಯಲ್ಲಿ ವಿಚಾರಿಸಿ.

ಇಷ್ಟೆಲ್ಲ ಕೈಯಲ್ಲಿ ಹಿಡಿದುಕೊಂಡ ಮೇಲೂ ಮೊದಲು ಹೋಗಬೇಕಾದದ್ದು ಕಮಿಟಿಗಲ್ಲ, ಆ ಇಬ್ಬರ ಮನೆಗೆ. ಜ್ಞಾನೋಕ್ತಿ 31:8 ಮೂಕನಿಗಾಗಿ ಬಾಯಿ ತೆರೆ ಎನ್ನುತ್ತದೆ. ಅವರು ಮೂಕರಲ್ಲ, ಅವರನ್ನು ಯಾರೂ ಕೇಳಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಹೋಗಿ, ಅವರು ಕೊಟ್ಟ ಚಹಾ ಕುಡಿಯಿರಿ. ಕ್ಯಾಮೆರಾ ಬೇಡ, ಜೊತೆಗೆ ಪತ್ರಕರ್ತರು ಬೇಡ. ಇಬ್ಬರಲ್ಲಿ ಒಬ್ಬರು ನಿಮ್ಮ ಸಭೆಯವರಲ್ಲದ ಕಾರಣ ಕರಪತ್ರ, ಪ್ರಾರ್ಥನೆಯ ಆಹ್ವಾನ ಯಾವುದೂ ಬೇಡ. ನ್ಯಾಯದ ಕೆಲಸಕ್ಕೆ ಮತಾಂತರದ ಅನುಮಾನ ಅಂಟಿಕೊಂಡರೆ ಪೆಟ್ಟು ಬೀಳುವುದು ಅವರಿಗೇ. ಏನು ಕಳೆದುಕೊಳ್ಳುವ ಭಯವಿದೆ ಎಂದು ಕೇಳಿ. ಬಹಳ ಸಲ ಸಿಗುವ ಉತ್ತರ, "ಅಕ್ಕ, ಈ ಕೆಲಸ ನಿಲ್ಲಿಸಿದರೆ ನಾಳೆ ಕೂಲಿ ಯಾರು ಕೊಡ್ತಾರೆ?" ಈ ಪ್ರಶ್ನೆಗೆ ಸಭೆಯ ಬಳಿ ಉತ್ತರವಿರಬೇಕು. ಹಾಸ್ಟೆಲಿನಲ್ಲಿ, ತೋಟದಲ್ಲಿ, ಶಾಲೆಯಲ್ಲಿ ಬೇರೆ ಕೆಲಸ, ತಿಂಗಳ ಸಂಬಳ, ಪಿ.ಎಫ್., ಇ.ಎಸ್.ಐ. ಕ್ರಿಸ್ಮಸ್‌ಗೆ ಒಂದು ಕಂಬಳಿ, ಸೀರೆ ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ಉತ್ತರವಲ್ಲ. ಕೂಲಿಯ ಲೆಕ್ಕವನ್ನೂ ಕೇಳಿ, ಬಾಕಿ ಇದ್ದರೆ ಅದನ್ನೇ ಮೊದಲು ಕೊಡಿಸಿ. ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಬಳಿ ಉಳಿಯಬಾರದು ಎನ್ನುತ್ತದೆ ಯಾಜಕಕಾಂಡ 19:13. ಹೆಸರು ಹೇಳಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಲಿ.

ಆಮೇಲೆ ಕಮಿಟಿ. ಮತ್ತಾಯ 18:15ರ ಕ್ರಮ ಇಲ್ಲಿ ಒಳ್ಳೆಯದು: ಮೊದಲು ಸಭಾಪಾಲಕರ ಜೊತೆ ಏಕಾಂತದಲ್ಲಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು, ಆಮೇಲೆ ಸಭೆಯ ಮುಂದೆ. ಆದರೆ ಆ ವಚನವನ್ನು ಅಪರಾಧ ಮುಚ್ಚಿಡಲು ಬಳಸುವವರೂ ಇದ್ದಾರೆ, "ಮನೆಯ ಮಾತು ಮನೆಯಲ್ಲೇ ಇರಲಿ" ಎಂದು. ಆದ್ದರಿಂದ ಗಡುವು ಇಟ್ಟುಕೊಳ್ಳಿ. ಎಲ್ಲ ಸೇರಿ ಮೂರು ವಾರ ಸಾಕು. ಯಾರಿಗಾದರೂ ಗಾಯವಾಗಿದ್ದರೆ, ಪ್ರಜ್ಞೆ ತಪ್ಪಿದ್ದರೆ ಆ ಮೂರು ವಾರವೂ ಬೇಡ, ನೇರವಾಗಿ ಪೊಲೀಸ್ ಠಾಣೆಗೆ ಹೋಗಿ. ಕಮಿಟಿಯಲ್ಲಿ ಕ್ಷಮೆಯ ಭಾಷಣ ಕೇಳಬೇಡಿ, ನಿರ್ಣಯ ಕೇಳಿ, ಅದು ನಡಾವಳಿ ಪುಸ್ತಕದಲ್ಲಿ ಬರೆದಿರಬೇಕು. ಒಕ್ಕಣೆ ಹೀಗಿರಬಹುದು: "ನಮ್ಮ ಆವರಣದ ಯಾವುದೇ ಟ್ಯಾಂಕ್, ಚೇಂಬರ್, ಮ್ಯಾನ್‌ಹೋಲಿಗೆ ಯಾವ ಕಾರಣಕ್ಕೂ ಮನುಷ್ಯರನ್ನು ಇಳಿಸುವುದಿಲ್ಲ. ಪ್ರತಿ 2 ವರ್ಷಕ್ಕೊಮ್ಮೆ ಯಂತ್ರದಿಂದ ಖಾಲಿ ಮಾಡಿಸಲು ವಾರ್ಷಿಕ ಬಜೆಟ್ಟಿನಲ್ಲಿ ಹಣ ಇಡಲಾಗುವುದು. ಕಳೆದ ಬಾರಿ ಇಳಿದ ಇಬ್ಬರ ವೈದ್ಯಕೀಯ ತಪಾಸಣೆಯ ವೆಚ್ಚ ಸಭೆಯದು." ಬಜೆಟ್ಟಿನ ಸಾಲು ಇಲ್ಲದ ನಿರ್ಣಯ ಎರಡು ವರ್ಷದಲ್ಲಿ ಮರೆತುಹೋಗುತ್ತದೆ.

ಅವರು ಒಪ್ಪದಿದ್ದರೆ, ನೀವು ಬರೆದಿಟ್ಟ ಹಾಳೆಯನ್ನೇ ದೂರಿನ ರೂಪಕ್ಕೆ ತನ್ನಿ. ದೂರು ಪುರಸಭೆಯ ಮುಖ್ಯಾಧಿಕಾರಿಗೆ, ಅದರ ಪ್ರತಿಗಳು ಉಪವಿಭಾಗಾಧಿಕಾರಿಗೆ ಮತ್ತು ಜಿಲ್ಲಾಧಿಕಾರಿಗೆ. ಈ ಕಾಯ್ದೆಯ ಜಾಗೃತಿ ಸಮಿತಿಗಳಿಗೆ ಉಪವಿಭಾಗ ಮತ್ತು ಜಿಲ್ಲಾ ಮಟ್ಟದಲ್ಲಿ ಅವರೇ ಅಧ್ಯಕ್ಷರು. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಹೊರಬರಬೇಡಿ. ರಾಜ್ಯ ಸಫಾಯಿ ಕರ್ಮಚಾರಿ ಆಯೋಗಕ್ಕೂ ಒಂದು ಪ್ರತಿ ಕಳಿಸಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಊರಿನ ಉಳಿದ ಟ್ಯಾಂಕುಗಳ ಸ್ಥಿತಿ ತಿಳಿಯಬೇಕಾದರೆ ಪುರಸಭೆಯ ಸಕ್ಕಿಂಗ್ ಗಾಡಿಯ ಲಾಗ್ ಬುಕ್ ಪ್ರತಿಯನ್ನು ಆರ್‌ಟಿಐನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಇದನ್ನು ಮರೆತು ಉದ್ದ ಬರೆದ ಅರ್ಜಿಗಳು ಹಾಗೇ ವಾಪಸ್ ಬರುತ್ತವೆ.

ಪ್ರಾರ್ಥನೆ ಮಾಡೋಣ ಎಂದವರ ಜೊತೆ ಪ್ರಾರ್ಥಿಸಿ, ಬೇಡ ಎನ್ನಬೇಡಿ. ಆದರೆ ಭಾನುವಾರದ ವಿಜ್ಞಾಪನೆಯಲ್ಲಿ "ಬಡವರಿಗಾಗಿ" ಎಂದು ತೇಲಿಸದೆ, "ನಮ್ಮ ಹಾಸ್ಟೆಲಿನ ಗುಂಡಿಗೆ ಇಳಿದ ನಮ್ಮ ಸಹೋದರರಿಗಾಗಿ" ಎಂದು ಸೇರಿಸಲು ಸಭಾಪಾಲಕರನ್ನು ಕೇಳಿಕೊಳ್ಳಿ. ಅವರಿಬ್ಬರೂ ಒಪ್ಪಿದರೆ ಮಾತ್ರ. ಮುಂದಿನ ಕಮಿಟಿ ಚುನಾವಣೆಗೆ ಇಬ್ಬರಲ್ಲಿ ನಿಮ್ಮ ಸಭೆಯವರಾದ ಆ ಸಹೋದರರ ಹೆಸರನ್ನು ಸೂಚಿಸಲು ಈಗಲೇ ಇಬ್ಬರನ್ನು ಮಾತಾಡಿಸಿಟ್ಟುಕೊಳ್ಳಿ. ಹಾಸ್ಟೆಲಿನ ಕಟ್ಟಡ, ನೀರು, ಚರಂಡಿ ನೋಡಿಕೊಳ್ಳುವ ಉಪಸಮಿತಿಯಿದ್ದರೆ ಮೊದಲು ಅದಕ್ಕೇ ಅವರ ಹೆಸರು ಸೂಚಿಸಿ. ಆ ಟ್ಯಾಂಕಿನ ಆಳ, ಅದರ ತಳದ ಕೆಸರು ಎಷ್ಟು ಗಟ್ಟಿಯಿದೆ, ಯಾವ ಮುಚ್ಚಳ ಬಿರುಕು ಬಿಟ್ಟಿದೆ ಎಂಬುದು ಕಮಿಟಿಯ ಎಲ್ಲರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.